ಪೂಜೆಗೆ ಮುಂಚಿನ ಭಿಶಿ

ಜಲಜಾಳ ಲೆಕ್ಕದಲ್ಲಿ ಹದಿನೆಂಟು ಸಾವಿರ ಕಡಿಮೆ ಬೀಳುತ್ತಿತ್ತು. ಮೇಲಿನಿಂದ ಕೆಳಕ್ಕೆ ಕೂಡಿಸಿದರೂ ಅಷ್ಟೇ, ಕೆಳಗಿನಿಂದ ಮೇಲಕ್ಕೆ ಕೂಡಿಸಿದರೂ ಅಷ್ಟೇ. ದುರ್ಗಾಪೂಜೆಯ ವಾರಕ್ಕೆ ಒಟ್ಟು ಖರ್ಚು ಮೂವತ್ತಾರು ಸಾವಿರ. ಗಂಡ ಶಂಕರಲಿಂಗನಿಗೆ ರೈಲ್ವೆಯಿಂದ ಬರುವ ಬೋನಸ್ಸು ಹದಿನೆಂಟು ಸಾವಿರಕ್ಕೆ ಐವತ್ತು ರೂಪಾಯಿ ಕಡಿಮೆ. ಉಳಿದ ಅರ್ಧ ಎಲ್ಲಿಂದ ಬರಬೇಕು ಎನ್ನುವುದಕ್ಕೆ ಅವಳ ಹತ್ತಿರ ಇದ್ದದ್ದು ಒಂದೇ ದಾರಿ. ಅದು ಭಿಶಿ, ತಿಂಗಳಿಗೊಮ್ಮೆ ಎತ್ತುವ ಚೀಟಿ.

ಶಂಕರಲಿಂಗ ಹುಬ್ಬಳ್ಳಿಯಿಂದ ವರ್ಗವಾಗಿ ಕೋಲ್ಕತ್ತಾಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷದಲ್ಲಿ ಅವರು ಒಂದು ಪೂಜೆಯನ್ನೂ ಕಂಡವರಲ್ಲ. ಮಗಳು ಪೂರ್ವಿಯ ಶಾಲೆಗೆ ರಜೆ ಬಿದ್ದ ದಿನವೇ ರೈಲ್ವೆ ಪಾಸು ಹಿಡಿದು ಹುಬ್ಬಳ್ಳಿಗೆ ಹೊರಟುಬಿಡುತ್ತಿದ್ದರು. ಊರಲ್ಲಿ ಬನ್ನಿ ಹಂಚಿ, ನಾಲ್ಕು ಮನೆ ಉಂಡು ವಾಪಸು ಬರುವ ಹೊತ್ತಿಗೆ ಢಾಕುರಿಯಾದ ಅವರ ಓಣಿಯಲ್ಲಿ ಪ್ಯಾಂಡಲಿನ ಬಿದಿರುಗಳನ್ನು ಬಿಚ್ಚಿ ಗೋಡೆಗೆ ಆನಿಸಿರುತ್ತಿದ್ದರು. ಈ ವರ್ಷ ಅದು ತಿರುಗುಮುರುಗಾಯಿತು. ಶಂಕರಲಿಂಗನ ಅಕ್ಕ ವಿಶಾಲಾಕ್ಷಿ ಹುಬ್ಬಳ್ಳಿಯಿಂದ ಫೋನ್ ಮಾಡಿ, "ಜಗತ್ತಿನ ಮಂದಿ ಎಲ್ಲಾ ಕಲ್ಕತ್ತಾದ ಪೂಜಾ ನೋಡಾಕ ಹೋಗತೈತಿ. ನಮ್ಮ ತಮ್ಮ ಅಲ್ಲೇ ಇದ್ದೂ ನಾವು ಮೊಬೈಲಿನ್ಯಾಗ ನೋಡೂದೇನು?" ಎಂದವಳೇ, ತಾನು, ಗಂಡ, ಇಬ್ಬರು ಮಕ್ಕಳು, ಅತ್ತೆ ಹೀಗೆ ಐದು ಜನರ ಟಿಕೆಟ್ ತೆಗೆಸಿಬಿಟ್ಟಿದ್ದಳು. ಷಷ್ಠಿಯ ಹಿಂದಿನ ದಿನ ಬಂದು ಏಕಾದಶಿಗೆ ಹೊರಡುವುದು.

ಮದುವೆಯಾದ ಮನೆಮಗಳು ತಮ್ಮನ ಮನೆಗೆ ಬಂದರೆ ಉಡಿ ತುಂಬಿ ಸೀರೆ ಕೊಡದೆ ಕಳಿಸುವ ಪದ್ಧತಿ ಅವರಲ್ಲಿಲ್ಲ. ಅವಳಿಗೆ ಕೊಟ್ಟರೆ ಅವಳ ಅತ್ತೆಗೂ ಕೊಡಬೇಕು, ಅತ್ತೆಗೆ ಕೊಟ್ಟ ಮೇಲೆ ಗಂಡನನ್ನು ಬಿಡುವಂತಿಲ್ಲ, ಮಕ್ಕಳಂತೂ ಮಕ್ಕಳು. ಹೋದ ವರ್ಷ ತನ್ನ ಮನೆಯ ವಾಸ್ತುಶಾಂತಿಯಲ್ಲಿ ವಿಶಾಲಾಕ್ಷಿ ಜಲಜಾಳಿಗೆ ಇಳಕಲ್ ಸೀರೆ ಉಡಿಸಿದ್ದಳು. ಅದರ ಬೆಲೆಯನ್ನೂ ಹೇಳಿದ್ದಳು. ಹಾಗಾಗಿ ಬಟ್ಟೆಗೆ ಒಂಬತ್ತೂವರೆ ಸಾವಿರ. ರಾತ್ರಿ ಪ್ಯಾಂಡಲ್ ನೋಡಲು ಎರಡು ದಿನ ಕಾರಿಗೆ ಏಳು ಸಾವಿರ. ಎದುರು ಮನೆಯ ಹೆಂಗಸನ್ನು ವಿಚಾರಿಸಿದಾಗ, ಪೂಜೆಯ ರೇಟು ಅಂದರೆ ಅಷ್ಟೇ, ಅದೂ ಡ್ರೈವರು ನಿಮ್ಮ ಮೇಲೆ ಉಪಕಾರ ಮಾಡಿದ ಹಾಗೆ ಬರುತ್ತಾನೆ ಎಂದಿದ್ದಳು. ಓಣಿಯ ಪೂಜೆ ನಡೆಸುವ ಕ್ಲಬ್ಬಿಗೆ ಚಂದಾ ಎರಡು ಸಾವಿರ. ಹಿಂದಿನ ವರ್ಷಗಳಲ್ಲಿ ಬಾಗಿಲಿಗೆ ಬೀಗ ನೋಡಿ ಹೋಗುತ್ತಿದ್ದ ಕ್ಲಬ್ಬಿನವರು ಈ ಸಲ ರಸೀದಿ ಪುಸ್ತಕ ಹಿಡಿದು ಎರಡು ಸಲ ಬಂದು, "ಈ ವರ್ಷ ಇರ್ತೀರಂತೆ!" ಎಂದು ಸಂತೋಷಪಟ್ಟಿದ್ದರು. ಇನ್ನು ಪೂರ್ವಿ. ಹತ್ತು ವರ್ಷದ ಹುಡುಗಿ, ಕ್ಲಾಸಿನಲ್ಲಿ ಎಲ್ಲರೂ ಪೂಜೆಗೆ ಎಷ್ಟು ಹೊಸ ಡ್ರೆಸ್ ಎಂದು ಬೆರಳು ಮಡಿಚುತ್ತಾರೆ, ತನಗೆ ಒಂದೂ ಇಲ್ಲ ಎಂದು ದಿನಕ್ಕೊಮ್ಮೆ ತಿಳಿಸುತ್ತಿದ್ದಳು.

ಕನ್ನಡದ ಹೆಂಗಸರ ಆ ಭಿಶಿ ನಡೆಯುತ್ತಿದ್ದದ್ದು ಲೇಕ್ ಮಾರ್ಕೆಟ್ಟಿನ ಹತ್ತಿರ ಚನ್ನಮ್ಮನವರ ಮನೆಯಲ್ಲಿ. ಗಂಡ ಗುಂಡಪ್ಪನವರು ನಿವೃತ್ತರಾದ ಮೇಲೂ ಧಾರವಾಡಕ್ಕೆ ಹೋಗದೆ ಇಲ್ಲೇ ಉಳಿದುಕೊಂಡ ಮನೆ ಅದು. ಹನ್ನೆರಡು ಕೈ, ಅಂದರೆ ಹನ್ನೆರಡು ಪಾಲು, ಕೈಗೆ ತಿಂಗಳಿಗೆ ಒಂದೂವರೆ ಸಾವಿರ. ಪ್ರತಿ ತಿಂಗಳ ಎರಡನೇ ರವಿವಾರ ಎಲ್ಲರೂ ಸೇರಿ, ಗಿರಮಿಟ್ಟು ತಿಂದು, ಚಹಾ ಕುಡಿದು, ಸ್ಟೀಲ್ ಡಬ್ಬಿಯಿಂದ ಒಂದು ಚೀಟಿ ಎತ್ತುವುದು. ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ ಹದಿನೆಂಟು ಸಾವಿರ. ಒಮ್ಮೆ ಬಂದ ಹೆಸರು ಮತ್ತೆ ಡಬ್ಬಿಗೆ ಬೀಳುವುದಿಲ್ಲ. ಜನವರಿಯಲ್ಲಿ ಶುರುವಾಗಿ ಡಿಸೆಂಬರಿಗೆ ಎಲ್ಲರಿಗೂ ಮುಟ್ಟಿರುತ್ತದೆ. ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ, ಬೇಕಾದಾಗ ಬರುವುದೊಂದೇ ಅದೃಷ್ಟ.

ಹನ್ನೆರಡರಲ್ಲಿ ಎರಡು ಕೈ ಜಲಜಾಳವು. ಒಂದು ಅವಳ ಹೆಸರಿನದು, ಒಂದು ಮಗಳ ಹೆಸರಿನದು. ಎಲ್ಲರಿಗೂ ಗೊತ್ತಿದ್ದದ್ದು ಇಷ್ಟು. ಗೊತ್ತಿಲ್ಲದ್ದು ಏನೆಂದರೆ, ಪೂರ್ವಿಯ ಹೆಸರಿನ ಕೈ ನಿಜವಾಗಿ ಝರ್ನಾಳದು. ಝರ್ನಾ ಜಲಜಾಳ ಮನೆಯಲ್ಲಿ ಎರಡು ಹೊತ್ತು ಪಾತ್ರೆ ತೊಳೆದು ಕಸ ಹೊಡೆದು ನೆಲ ಒರೆಸುವವಳು. ಹೋದ ಡಿಸೆಂಬರಿನಲ್ಲಿ ಒಬ್ಬರು ವರ್ಗವಾಗಿ ಹೋಗಿ ಒಂದು ಕೈ ಖಾಲಿಯಾದಾಗ, ಜಲಜಾ ಮನೆಯಲ್ಲಿ ಆ ಮಾತಾಡುತ್ತಿದ್ದುದನ್ನು ಕೇಳಿ, ಅದು ತನಗೆ ಬೇಕೆಂದು ಝರ್ನಾಳೇ ಕೇಳಿದ್ದಳು. ಜಲಜಾ ಚನ್ನಮ್ಮನವರ ಮುಂದೆ ಸುಮ್ಮನೆ ಮಾತು ತೆಗೆದು ನೋಡಿದ್ದಳು. "ಯವ್ವಾ, ಭಾಂಡೆ ತಿಕ್ಕೋ ಹೆಂಗಸು ಬಂದು ನಮ್ಮ ಪಂಕ್ತಿಗೆ ಕುಂತ್ರ ನಾಳೆ ಗಿರಮಿಟ್ಟು ಯಾರು ಮಾಡೂದು, ಆಕಿಯೋ ನಾನೋ?" ಎಂದು ಅವರು ನಕ್ಕಿದ್ದರು. ಜಲಜಾ ಜಗಳ ಮಾಡುವವಳಲ್ಲ. ಮಗಳ ಹೆಸರು ಬರೆಸಿ ಬಂದಳು. ಝರ್ನಾಳ ಸಂಬಳ ಎರಡೂವರೆ ಸಾವಿರ. ಅದರಲ್ಲಿ ಒಂದೂವರೆ ಸಾವಿರ ಹಿಡಿದುಕೊಂಡು ಭಿಶಿಗೆ ಕಟ್ಟಿ, ಒಂದು ಸಾವಿರ ಕೈಗೆ ಕೊಡುವುದು ಎಂದಾಯಿತು. ಹಣ ಒಮ್ಮೆಯೂ ಝರ್ನಾಳ ಕೈ ಮುಟ್ಟಿ ಬರಲಿಲ್ಲ. ಜಲಜಾಳ ಪರ್ಸಿನಿಂದ ಹೊರಟು ಚನ್ನಮ್ಮನವರ ಡಬ್ಬಿಗೆ ಹೋಗುತ್ತಿತ್ತು. ಹೀಗಾಗಿ ಎಂಟು ತಿಂಗಳಾಗುವಷ್ಟರಲ್ಲಿ, ಅದು ತನ್ನದೇ ಹಣ ಎಂದು ಜಲಜಾಳಿಗೆ ಆಗಾಗ ಅನಿಸುವುದೂ ಇತ್ತು.

ಝರ್ನಾಳ ಯೋಜನೆ ಮೊದಲಿನಿಂದಲೂ ಸ್ಪಷ್ಟ. ಹೋದ ಪೂಜೆಯಲ್ಲಿ ಬೇರೆಯವರ ಎಗ್ ರೋಲ್ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ನೂರಕ್ಕೆ ಐದು ದಿನ ದುಡಿದಿದ್ದಳು. ಅಂಗಡಿಯವನು ದಿನಕ್ಕೆಷ್ಟು ಎಣಿಸುತ್ತಾನೆ ಎಂಬುದನ್ನು ಈರುಳ್ಳಿ ಹೆಚ್ಚುತ್ತಲೇ ನೋಡಿಕೊಂಡಿದ್ದಳು. ಈ ಸಲ ತನ್ನದೇ ಅಂಗಡಿ, ರೋಲು ಮತ್ತು ಬಟಾಣಿ ಉಸಳಿಯಂಥ ಘುಗ್ನಿ. ಪ್ಯಾಂಡಲಿನ ಪಕ್ಕದ ಜಾಗಕ್ಕೆ ಕ್ಲಬ್ಬಿನವರು ಎಂಟು ಸಾವಿರ ಕೇಳಿದ್ದರು, ಸೆಪ್ಟೆಂಬರಿನ ಭಿಶಿಯಾದ ಮೇಲಿನ ಬುಧವಾರದ ವಿಶ್ವಕರ್ಮ ಪೂಜೆಯೊಳಗೆ ಕಟ್ಟಬೇಕು. ಉಳಿದದ್ದು ತವಾ, ಸಿಲಿಂಡರು, ಸಾಮಾನಿಗೆ. ಪ್ರತಿ ತಿಂಗಳೂ ಭಿಶಿಯ ಮರುದಿನ ಕಸಬರಿಗೆ ಹಿಡಿಯುವ ಮೊದಲು ಅವಳ ಪ್ರಶ್ನೆ ಒಂದೇ: "ಬೌದಿ, ಯಾರ ಹೆಸರು ಬಂತು?" ಬೌದಿ ಎಂದರೆ ಬಂಗಾಳಿಯಲ್ಲಿ ಅತ್ತಿಗೆ.

ಸೆಪ್ಟೆಂಬರಿನ ರವಿವಾರ ಡಬ್ಬಿಯಲ್ಲಿ ಉಳಿದದ್ದು ನಾಲ್ಕು ಚೀಟಿ. ಜಲಜಾ, ಪೂರ್ವಿ, ಸಾಲ್ಟ್ ಲೇಕಿನಿಂದ ಬರುವ ಅಕ್ಷರಾ, ಮತ್ತೆ ಬೆಂಗಳೂರಿನಿಂದ ಹೊಸದಾಗಿ ಬಂದು ಕೆಲಸಕ್ಕೆ ಸೇರಿದ್ದ ಪ್ರಕೃತಿ. ಯಾರಿಗಾದರೂ ಮದುವೆ, ಆಸ್ಪತ್ರೆ ಹೀಗೆ ಅಡಚಣೆಯಿದ್ದರೆ ಚೀಟಿ ಎತ್ತದೆ ಅವರಿಗೇ ಕೊಡುವ ರೂಢಿಯೂ ಆ ಭಿಶಿಯಲ್ಲಿತ್ತು. ಕೇಳಿಬಿಡಲೇ ಎಂದು ಜಲಜಾ ದಾರಿಯುದ್ದಕ್ಕೂ ಯೋಚಿಸಿದ್ದಳು. ಆದರೆ ಏನೆಂದು ಕೇಳುವುದು? ನಾದಿನಿಗೆ ಸೀರೆ ಕೊಡುವುದು ಅಡಚಣೆಯಲ್ಲ. ಅಲ್ಲಿದ್ದ ಪ್ರತಿಯೊಬ್ಬಳಿಗೂ ನಾದಿನಿಯರಿದ್ದರು.

"ಆಂಟಿ, ಇದನ್ನೆಲ್ಲಾ ಫೋನಲ್ಲೇ ಮಾಡ್ಬೋದಲ್ವಾ? ಒಂದು ಆ್ಯಪ್ ಇದೆ, ಅದೇ ಹೆಸರು ಎತ್ತುತ್ತೆ," ಎಂದಳು ಪ್ರಕೃತಿ.

"ಆ್ಯಪು ಮಿರ್ಚಿ ಕರೀತೈತೇನು?" ಎಂದರು ಚನ್ನಮ್ಮ. ಡಬ್ಬಿ ಅಲ್ಲಾಡಿಸಿದರು, ಕಣ್ಣು ಮುಚ್ಚಿದರು, ಎತ್ತಿದರು. ಕನ್ನಡಕ ಮೂಗಿಗೇರಿಸಿ ಓದಿದರು. "ಪೂರ್ವಿ."

"ನೋಡ್ರೆವಾ, ತಾಯಿ ಮಗಳು ಕೂಡಿ ಡಬ್ಬಿ ಹಿಡದಾರ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಜಲಜಾಳೂ ನಕ್ಕಳು. ಚನ್ನಮ್ಮ ಎರಡು ಸಲ ಎಣಿಸಿ ಕೊಟ್ಟ ಹದಿನೆಂಟು ಸಾವಿರವನ್ನು ಪರ್ಸಿಗೆ ಸೇರಿಸಿ, ಇನ್ನೊಂದು ಮಿರ್ಚಿ ತಿಂದು, ಬಸ್ಸು ಹಿಡಿದಳು. ಗರಿಯಾಹಾಟಿನಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಫುಟ್‌ಪಾತಿನ ತುಂಬ ಪೂಜೆಯ ಸಂತೆ. ಸೀರೆಯ ರಾಶಿಗಳ ಮೇಲೆ ಬಾಗಿದ ಹೆಂಗಸರ ಬೆನ್ನುಗಳಷ್ಟೇ ಕಾಣುತ್ತಿದ್ದವು. ಜಲಜಾ ಪರ್ಸನ್ನು ಕಂಕುಳಲ್ಲಿ ಒತ್ತಿಕೊಂಡು ಕೂತಳು.

ಬಸ್ಸು ಹೊರಡುವಷ್ಟರಲ್ಲಿ ಅವಳ ತಲೆಯಲ್ಲಿ ವಾದ ಸಿದ್ಧವಾಗಿತ್ತು. ಎರಡೂ ಚೀಟಿ ನಾನು ಬರೆಸಿದ್ದು. ಎರಡಕ್ಕೂ ಬರುವುದು ಒಂದೇ ಮೊತ್ತ. ಇದನ್ನು ನಾನು ತೆಗೆದುಕೊಂಡು, ನನ್ನ ಹೆಸರು ಬಂದಾಗ ಅದನ್ನು ಅವಳಿಗೆ ಕೊಟ್ಟರೆ ಅವಳಿಗೆ ಒಂದು ಪೈಸೆ ಕಡಿಮೆಯಾಗುವುದಿಲ್ಲ. ತಡವಾಗುತ್ತದೆ, ಅಷ್ಟೇ. ಚೀಟಿ ಇವತ್ತು ಬರದಿದ್ದರೂ ತಡವೇ ಆಗುತ್ತಿತ್ತು.

ಮನೆಯಲ್ಲಿ ಶಂಕರಲಿಂಗ ಅದೇ ವಾದವನ್ನು ಅವಳಿಗೇ ಹೇಳಿದ. "ಇದರಾಗ ವಿಚಾರ ಮಾಡೂದೇನೈತಿ? ಬ್ಯಾರೇದವರ ಹೆಸರು ಬಂತು ಅಂತ ಹೇಳು. ಮುಂದಿನ ತಿಂಗಳಿಗೋ ಅದರ ಮುಂದಿನ ತಿಂಗಳಿಗೋ ನಿನ್ನ ಹೆಸರು ಬರತೈತಿ, ಆವಾಗ ಕೊಟ್ಟರಾತು. ಆಕಿಗೇನು ಗೊತ್ತಾಗತೈತಿ?"

"ಯಾರ ಹೆಸರು ಅಂತ ಹೇಳ್ಲಿ?"

"ಯಾರದರ ಹೇಳು. ಆ ಬೆಂಗಳೂರಿನಾಕಿದು ಹೇಳು."

"ಮುಂದಿನ ತಿಂಗಳು ಖರೇನ ಪ್ರಕೃತಿ ಹೆಸರು ಬಂದ್ರ?"

"ಆವಾಗ ಮತ್ತೊಬ್ಬರದು ಹೇಳು!"

"ಒಂದು ಸುಳ್ಳಿಗೆ ಡಿಸೆಂಬರ್ ತನಕಾ ಕಂತು ಕಟ್ಟಬೇಕಾತಲ್ರೀ."

ಶಂಕರಲಿಂಗನಿಗೆ ಸಿಟ್ಟು ಬಂತು. "ಹಂಗಾರ ನಮ್ಮಕ್ಕಗ ಏನು ಕೊಡ್ತೀ? ಅಲ್ಲಿ ಇಳಕಲ್ ಸೀರಿ ಉಟಗೊಂಡು ಬಂದು, ಇಲ್ಲಿ ಕರ್ಚೀಪು ಕೊಡ್ತೀಯೇನು?"

ಜಲಜಾಳಿಗೆ ಬಸ್ಸಿನಲ್ಲಿ ತನ್ನ ತಲೆಯೊಳಗೆ ಸರಿಯಾಗಿಯೇ ಕಂಡಿದ್ದ ವಾದ ಗಂಡನ ಬಾಯಿಂದ ಕೇಳುವಾಗ ಅಷ್ಟು ಸರಿಯಾಗಿ ಕಾಣಲಿಲ್ಲ. ಅಷ್ಟರಲ್ಲಿ ಪೂರ್ವಿ ಬಂದು, "ಮಮ್ಮಾ, ಮೇರಾ ನಾಮ್ ಬಂತಂತ? ತೋ ಪೈಸಾ ನಂದ ಅಲ್ಲಾ?" ಎಂದು ಕೇಳಿದಳು.

"ನಿಂದಲ್ಲ," ಎಂದಳು ಜಲಜಾ. ಯಾರದು ಎಂದು ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಗಂಡ ಕಚೇರಿಗೆ, ಮಗಳು ಶಾಲೆಗೆ ಹೋದ ಮೇಲೆ ಝರ್ನಾ ಬಂದಳು. ನಲವತ್ತರ ಹೆಂಗಸು, ತೆಳ್ಳಗೆ, ನಡಿಗೆ ಚುರುಕು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಒದ್ದೆ ಛತ್ರಿಯನ್ನು ಅದರ ಮೇಲೆ ಒರಗಿಸಿ ಒಳಗೆ ಕಾಲಿಟ್ಟವಳೇ ಕೇಳಿದಳು.

"ಬೌದಿ, ಯಾರ ಹೆಸರು ಬಂತು?"

ಇಬ್ಬರೂ ಮಾತಾಡುತ್ತಿದ್ದದ್ದು ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ. ಅದರಲ್ಲಿ ಜಲಜಾಳ ಹಿಂದಿ ಹುಬ್ಬಳ್ಳಿಯದು, ಬಂಗಾಳಿ ತರಕಾರಿ ಸಂತೆಯದು. ನಮ್ಮದಲ್ಲ ಎಂಬುದಕ್ಕೆ ಬಂಗಾಳಿಯಲ್ಲಿ ಎರಡೇ ಮಾತು ಸಾಕು. ಅವನ್ನು ಅವಳು ಬೆಳಿಗ್ಗೆ ಚಹಾ ಸೋಸುವಾಗ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು ಕೂಡ. ಈಗ ಬಾಯಿಂದ ಬಂದದ್ದು ಬೇರೆ.

"ನಿನ್ನದೇ ಬಂತು. ಆದರೆ ಒಂದು ಮಾತಿದೆ, ಕೂತುಕೋ."

ಝರ್ನಾ ಕೂರಲಿಲ್ಲ. ಮೊದಲು ಅವಳ ಮುಖ ಅಗಲವಾಯಿತು, ಎರಡನೇ ಮಾತು ಕೇಳಿದ ಮೇಲೆ ಮತ್ತೆ ಮೊದಲಿನಷ್ಟೇ ಆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ನಿಂತಳು. "ಹೇಳಿ."

ಜಲಜಾ ಹೇಳಿದಳು. ನಾದಿನಿ ಬರುವುದು, ಐದು ಜನ, ಸೀರೆ, ಕಾರು. ಈ ಹಣ ನಾನು ತೆಗೆದುಕೊಳ್ಳುತ್ತೇನೆ, ನನ್ನ ಹೆಸರು ಬಂದ ತಿಂಗಳು ಪೂರ್ತಿ ಹದಿನೆಂಟು ಸಾವಿರ ನಿನಗೆ, ಬರೆದು ಬೇಕಾದರೂ ಕೊಡುತ್ತೇನೆ. ಹೇಳುತ್ತ ಹೇಳುತ್ತ ಅವಳಿಗೆ, ಇದು ಕೇಳಬಹುದಾದ ಮಾತೇ, ಸುಳ್ಳಿಗಿಂತ ಎಷ್ಟೋ ಮೇಲು ಎಂದು ಧೈರ್ಯ ಬಂತು.

ಝರ್ನಾ ಸಿಟ್ಟಾಗಲಿಲ್ಲ. ಅಳಲೂ ಇಲ್ಲ. ಮೀನು ಮಾರುವವಳ ಮುಂದೆ ನಿಂತವಳ ಹಾಗೆ ಜಲಜಾಳನ್ನು ನೋಡಿ, ಲೆಕ್ಕ ಶುರು ಮಾಡಿದಳು.

"ಆಗಬಹುದು ಬೌದಿ. ನಮ್ಮ ಕೇರಿಯಲ್ಲೂ ಚೀಟಿಯ ಸರದಿ ಬದಲಾಯಿಸುತ್ತೇವೆ. ಆದರೆ ನನಗೆ ಬುಧವಾರದೊಳಗೆ ಎಂಟು ಸಾವಿರ ಬೇಕು, ಮಹಾಲಯದೊಳಗೆ ಇನ್ನು ಏಳು. ನಮ್ಮ ಓಣಿಯಲ್ಲಿ ದುಡ್ಡು ಕೊಡುವವನಿದ್ದಾನೆ. ನೂರಕ್ಕೆ ತಿಂಗಳಿಗೆ ಹತ್ತು. ಹದಿನೈದು ಸಾವಿರಕ್ಕೆ ತಿಂಗಳಿಗೆ ಎಷ್ಟಾಯಿತು?"

"ಒಂದೂವರೆ ಸಾವಿರ."

"ನಿಮ್ಮ ಹೆಸರು ಮುಂದಿನ ತಿಂಗಳು ಬಂದರೆ ಒಂದೂವರೆ. ಆಮೇಲಿನ ತಿಂಗಳು ಬಂದರೆ ಮೂರು. ಡಿಸೆಂಬರಿಗೆ ಬಂದರೆ ನಾಲ್ಕೂವರೆ. ಅದನ್ನು ನೀವು ಕೊಡಿ. ನನಗೆ ಲಾಭ ಬೇಡ."

ಜಲಜಾಳಿಗೆ ಇದು ಹೊಳೆದಿರಲಿಲ್ಲ. ತಡ ಎನ್ನುವುದಕ್ಕೂ ದರವಿದೆ ಎಂದು ಅವಳ ಲೆಕ್ಕದಲ್ಲಿ ಬಂದೇ ಇರಲಿಲ್ಲ. "ಪೂಜೆ ಮುಗಿದ ಕೂಡಲೆ ಅಂಗಡಿಯ ದುಡ್ಡು ಬರುತ್ತದಲ್ಲ? ಅದರಲ್ಲಿ ಸಾಲ ತೀರಿಸಿದರೆ ಒಂದೇ ತಿಂಗಳ ಬಡ್ಡಿ," ಎಂದಳು.

"ಅಷ್ಟಮಿಗೆ ಮಳೆ ಬಂದರೆ?"

"ಬರುವುದಿಲ್ಲ ಬಿಡು."

"ಹಾಗಂತ ಅವನಿಗೆ ಹೇಳಿ ಬನ್ನಿ, ಬಡ್ಡಿ ಬಿಡುತ್ತಾನೇನೋ ನೋಡೋಣ." ಝರ್ನಾಳ ದನಿಯಲ್ಲಿ ವ್ಯಂಗ್ಯ ಅಷ್ಟಿರಲಿಲ್ಲ. ಮಳೆಯ ವಿಷಯ ಅವಳಿಗೆ ನಿಜವಾದ ವಿಷಯ. "ನನ್ನ ದುಡ್ಡು ಹಾಕಿ ಮಳೆ ಬಂದರೆ ದುಡ್ಡು ಹೋಯಿತು ಅಂತ ಅಷ್ಟೇ. ಸಾಲದ ದುಡ್ಡು ಹಾಕಿ ಮಳೆ ಬಂದರೆ, ಮತ್ತೆ ಎರಡು ಮನೆಯ ಪಾತ್ರೆ ಜಾಸ್ತಿ ತೊಳೆಯಬೇಕು. ನನ್ನ ಕೈ ನೋಡಿ."

ಕೈ ತೋರಿಸಲಿಲ್ಲ. ಅದು ಮಾತಿನ ರೀತಿ ಅಷ್ಟೇ.

ಜಲಜಾ ಬೇರೆ ಕಡೆಯಿಂದ ಬಂದಳು. "ಆಯಿತು, ಬಡ್ಡಿ ಕೊಡುತ್ತೇನೆ ಅಂತಿಟ್ಟುಕೋ. ಪೂಜೆಯ ದಿನ ನೀನು ಬರುತ್ತೀಯಲ್ಲ? ಎಂಟು ಜನರ ಪಾತ್ರೆ. ಬೇಕಾದರೆ ಬೆಳಿಗ್ಗೆ ಒಂದೇ ಹೊತ್ತು ಬಾ."

ಈಗ ಝರ್ನಾ ನಿಜವಾಗಿ ನಕ್ಕಳು. "ಬೌದಿ! ಷಷ್ಠಿಯಿಂದ ದಶಮಿಯವರೆಗೆ ನಾನು ಅಂಗಡಿಯಲ್ಲಿ ಇರುತ್ತೇನೆ ಅಂತ ಜೂನಿನಿಂದ ಹೇಳುತ್ತಿದ್ದೇನೆ. ಬೆಳಗಿನ ನಾಲ್ಕಕ್ಕೆ ಅಂಗಡಿ ಮುಚ್ಚಿ ಏಳಕ್ಕೆ ನಿಮ್ಮ ಪಾತ್ರೆ ತೊಳೆಯಲೇ? ಅಂಗಡಿ ಇಲ್ಲದಿದ್ದರೂ ಅಷ್ಟೇ. ಪೂಜೆಯಲ್ಲಿ ಈ ಊರಿನಲ್ಲಿ ಯಾರೂ ಬರುವುದಿಲ್ಲ. ನೀವು ಪ್ರತಿ ವರ್ಷ ಊರಿಗೆ ಓಡುತ್ತಿದ್ದಿರಿ, ನಿಮಗೆ ಗೊತ್ತಿಲ್ಲ."

ಹೇಳಿದ್ದು ಹೌದು. ಜೂನಿನಲ್ಲಿ ಹೇಳಿದ್ದಳು, ಆಗಸ್ಟಿನಲ್ಲೂ ಹೇಳಿದ್ದಳು. ಜಲಜಾ ಹೂಂ ಎಂದಿದ್ದಳು. ಆದರೆ ಪಟ್ಟಿ ಮಾಡುವಾಗ, ಝರ್ನಾಳ ಹೆಸರಿನ ಮುಂದೆ ಪೂಜೆಯ ಬೋನಸ್ಸು ಒಂದು ತಿಂಗಳ ಸಂಬಳ, ಒಂದು ಸೀರೆ ಎಂದು ಬರೆದವಳು, ಅವಳು ಇರುವುದಿಲ್ಲ ಎಂಬುದನ್ನು ಬರೆದಿರಲಿಲ್ಲ. ಎಂಟು ಜನರ ಅಡುಗೆ, ಎಂಟು ಜನರ ಪಾತ್ರೆ, ಮೂರು ಹೊತ್ತು, ಏಳು ದಿನ. ಮೂವತ್ತಾರು ಸಾವಿರದ ಆ ಪಟ್ಟಿಯಲ್ಲಿ ಅಷ್ಟು ಕೆಲಸ ಯಾರು ಮಾಡುತ್ತಾರೆ ಎಂಬುದೇ ಇರಲಿಲ್ಲ.

"ನಾಳೆ ಹೇಳುತ್ತೇನೆ," ಎಂದಳು.

"ನಾಳೆಯವರೆಗೆ ಆಗುತ್ತದೆ," ಎಂದು ಝರ್ನಾ ಕಸಬರಿಗೆ ತೆಗೆದುಕೊಂಡಳು. "ಬುಧವಾರಕ್ಕೆ ಆಗುವುದಿಲ್ಲ."

ಪಾತ್ರೆ ತೊಳೆಯುವಾಗ ಝರ್ನಾ ಬೇಳೆಯ ಡಬ್ಬಿಗೆ ಹುಳು ಬಿದ್ದಿದೆ, ಬಿಸಿಲಿಗೆ ಹಾಕಿ ಎಂದಳು. ಬಿಸಿಲೆಲ್ಲಿದೆ ಎಂದಳು ಜಲಜಾ.

ಮಧ್ಯಾಹ್ನ ಅವಳು ಪಟ್ಟಿಯನ್ನು ಹೊಸದಾಗಿ ಹಾಕಿದಳು. ನಾದಿನಿಯ ಸೀರೆಗೆ ಮೂರೂವರೆ ಸಾವಿರ. ಅದನ್ನು ಕೊಡಲು ಬೇಕಾಗುವ ಬಡ್ಡಿ, ಕೆಟ್ಟ ಪಕ್ಷ, ನಾಲ್ಕೂವರೆ ಸಾವಿರ. ಸೀರೆಗಿಂತ ಸೀರೆಯ ಬಡ್ಡಿ ದೊಡ್ಡದು. ಝರ್ನಾಳಿಗೆ ನಿಜ ಹೇಳದೆ ಇದ್ದಿದ್ದರೆ ಈ ನಾಲ್ಕೂವರೆ ಸಾವಿರ ತನ್ನ ಪಟ್ಟಿಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ, ಯಾರದೋ ಓಣಿಯಲ್ಲಿ ಯಾರೋ ಕಟ್ಟುತ್ತಿದ್ದರು ಎಂಬುದೂ ಅವಳಿಗೆ ಹೊಳೆಯಿತು. ಅದನ್ನು ಹೆಚ್ಚು ಹೊತ್ತು ಯೋಚಿಸಲು ಅವಳಿಗೆ ಇಷ್ಟವಿರಲಿಲ್ಲ. ಬಟ್ಟೆಯ ಒಂಬತ್ತೂವರೆ ಹೊಡೆದು ಹಾಕಿದಳು. ಕಾರಿನ ಏಳು ಹೊಡೆದು ಹಾಕಿದಳು. ಹೊರಗೆ ಉಣ್ಣುವುದರಲ್ಲಿ ಒಂದೂವರೆ ಕಡಿಮೆ ಮಾಡಿದಳು. ಹದಿನೆಂಟು ಸಾವಿರ ಸರಿಹೋಯಿತು. ಹಾಳೆಯ ಮೇಲೆ ಇದಕ್ಕೆ ಎರಡು ನಿಮಿಷ ಹಿಡಿಯಿತು. ಆಮೇಲೆ ಫೋನ್ ಕೈಗೆತ್ತಿಕೊಳ್ಳಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಬೇಳೆ ಆರಿಸಿದಳು, ಪೂರ್ವಿಯ ಸಮವಸ್ತ್ರ ಇಸ್ತ್ರಿ ಮಾಡಿದಳು, ಅಡುಗೆಮನೆಯ ಕಿಟಕಿ ಒರೆಸಿದಳು.

"ಅಕ್ಕಾರ, ನಾನು ಜಲಜಾ."

"ಹೇಳು ಜಲಜಾ! ಈಗಷ್ಟ ಚೀಲ ತಗದು ಇಟ್ಟೇನಿ. ಛಳಿ ಇರತೈತೇನು ಅಲ್ಲಿ, ಸ್ವೆಟರ್ ತರೂದೇನು?"

"ಏನೂ ಬ್ಯಾಡ್ರಿ, ಬೆವರು ಇಳಿಯಾಕತ್ತೈತಿ. ಅಕ್ಕಾರ, ಒಂದು ಮಾತು ಖರೇನ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಸಲ ಸೀರಿ ಗೀರಿ ಆಗೂದಿಲ್ಲ. ಉಡಿ ತುಂಬತೀನಿ. ಅಕ್ಕಿ, ಕೊಬ್ಬರಿ, ಅರಿಷಿಣ, ಕುಂಕುಮ. ಸೀರಿ ಆಗೂದಿಲ್ಲ. ಕಾರೂ ಆಗೂದಿಲ್ಲ, ಮೆಟ್ರೋದಾಗ ಹೋಗೂಣು, ನಡಕೊಂತ ಅಡ್ಡ್ಯಾಡೂಣು. ಮತ್ತ ಕೆಲಸದಾಕಿ ಪೂಜಾದಾಗ ಬರೂದಿಲ್ಲ. ಭಾಂಡೆ ನಾವು ನಾವ ತಿಕ್ಕಬೇಕು."

ಆ ಕಡೆ ಮಿಕ್ಸರಿನ ಸದ್ದು ನಿಂತಿತು.

"ಅಂದ್ರ ಬರಬ್ಯಾಡ್ರಿ ಅಂತೀಯೇನು?"

"ಬರ್ರಿ ಅಂತೀನಿ. ಸೀರಿ ಇಲ್ಲ ಅಂತೀನಿ."

"ಶಂಕ್ರ್ಯಾ ಹೇಳಿದ್ನೇನು ಹಿಂಗ ಹೇಳು ಅಂತ?"

"ಅವರಿಗೆ ಇನ್ನೂ ಗೊತ್ತಿಲ್ಲ."

"ನಾ ಏನು ಸೀರಿ ಕಾಣದಾಕಿ ಅಂತ ತಿಳದೀಯೇನು? ನಮ್ಮ ಅತ್ತಿ ಮುಂದ ನನ್ನ ತವರುಮನಿ ಮಾನ ಏನು ಉಳೀತು ಹೇಳು. ಮೊದಲ ಆಕಿ, ತಮ್ಮನ ಮನ್ಯಾಗ ಏನು ಸುರೀತಾರ ನೋಡ್ತೀನಿ ಅಂತ ಕುಂತಾಳ."

"ಅದು ನನಗ ಗೊತ್ತೈತ್ರಿ. ಅದಕ್ಕ ಬಂದಮ್ಯಾಗ ಹೇಳೂಕಿಂತ ಈಗ ಹೇಳಾಕತ್ತೀನಿ."

"ವಿಚಾರ ಮಾಡಿ ಹೇಳ್ತೀನಿ," ಎಂದು ವಿಶಾಲಾಕ್ಷಿ ಫೋನ್ ಇಟ್ಟಳು.

ಸಂಜೆ ಶಂಕರಲಿಂಗ ಬಂದಾಗ ಜಲಜಾ ಅವನ ಕೈಗೆ ಚಹಾ ಕೊಟ್ಟು ವಿಷಯ ಹೇಳಿದಳು. ಅವನು ಚಹಾ ಕುಡಿಯಲಿಲ್ಲ. ಪಾತ್ರೆ ತೊಳೆಯುವವಳಿಗಾಗಿ ಒಡಹುಟ್ಟಿದ ಅಕ್ಕನನ್ನು ಕಳೆದುಕೊಳ್ಳಬೇಕೇ ಎಂದ. ಯಾರೂ ಯಾರನ್ನೂ ಕಳೆದುಕೊಂಡಿಲ್ಲ, ಹಣ ಯಾರದೋ ಅವರಿಗೆ ಹೋಗುತ್ತದೆ ಎಂದಳು. ಬಡ್ಡಿ ಬೇಕಾದರೆ ನಾನು ಕೊಡುತ್ತಿದ್ದೆ ಎಂದ. "ಯಾವ ರೊಕ್ಕದಾಗ?" ಎಂದಳು. ಅವನು ಟೀವಿ ಹಾಕಿಕೊಂಡು ಕೂತ.

ಮಂಗಳವಾರ ಝರ್ನಾ ಬಂದಾಗ ಜಲಜಾ ಕವರನ್ನು ಟೇಬಲ್ಲಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು. ಝರ್ನಾ ಕೈ ತೊಳೆದುಕೊಂಡು ಬಂದು, ನೆಲದ ಮೇಲೆ ಕೂತು, ಐನೂರರ ಮೂವತ್ತಾರು ನೋಟುಗಳನ್ನು ಎರಡು ಸಲ ಎಣಿಸಿದಳು. ಮೂಲೆ ಹರಿದ ಒಂದು ನೋಟನ್ನು ಬೇರೆ ತೆಗೆದು, "ಇದನ್ನು ಕ್ಲಬ್ಬಿನವರು ತೆಗೆದುಕೊಳ್ಳುವುದಿಲ್ಲ," ಎಂದಳು. ಜಲಜಾ ತನ್ನ ಪರ್ಸಿನಿಂದ ಬೇರೆ ಕೊಟ್ಟಳು.

"ಇನ್ನು ಮೂರು ತಿಂಗಳು ಸಂಬಳದಲ್ಲಿ ಒಂದೂವರೆ ಸಾವಿರ ಹಿಡಿಯುತ್ತಲೇ ಇರುತ್ತೇನೆ. ನೆನಪಿದೆಯಲ್ಲ?" ಎಂದಳು ಜಲಜಾ.

"ಇದೆ. ಪೂಜೆಯ ಬೋನಸ್ಸಿನಲ್ಲಿ ಹಿಡಿಯುವ ಹಾಗಿಲ್ಲ, ಅದೂ ನೆನಪಿರಲಿ. ಅದು ಮಹಾಲಯಕ್ಕೆ ಮುಂಚೆ ಕೊಡಬೇಕು. ಈ ಬಿಲ್ಡಿಂಗಿನಲ್ಲಿ ಎಲ್ಲರೂ ಕೊಟ್ಟಾಯಿತು."

"ಕೊಡುತ್ತೇನೆ."

"ನಿಮ್ಮ ನಾದಿನಿ?"

"ಗೊತ್ತಿಲ್ಲ. ಬರುತ್ತಾರೋ ಇಲ್ಲವೋ."

ಝರ್ನಾ ಕವರನ್ನು ರವಿಕೆಯೊಳಗೆ ಸೇರಿಸಿಕೊಂಡು ಎದ್ದಳು. ಸಾರಿ ಎನ್ನಲಿಲ್ಲ, ನಿಮ್ಮ ಉಪಕಾರ ಮರೆಯುವುದಿಲ್ಲ ಎನ್ನಲೂ ಇಲ್ಲ. ಎನ್ನುವ ಕಾರಣವೂ ಇರಲಿಲ್ಲ. "ಇವತ್ತು ನೆಲ ಒರೆಸುವುದಿಲ್ಲ ಬೌದಿ, ಮೊದಲು ಜಾಗದ ದುಡ್ಡು ಕಟ್ಟಿ ಬರುತ್ತೇನೆ. ತಡ ಮಾಡಿದರೆ ಟ್ರಾನ್ಸ್‌ಫಾರ್ಮರಿನ ಪಕ್ಕದ ಮೂಲೆ ಕೊಡುತ್ತಾರೆ," ಎಂದು ಛತ್ರಿಯನ್ನು ಅಲ್ಲೇ ಮರೆತು, ಮಳೆಯಲ್ಲೇ ಹೊರಟುಹೋದಳು. ನೆಲವನ್ನು ಜಲಜಾಳೇ ಒರೆಸಿದಳು. ಪೂಜೆಯ ವಾರಕ್ಕೆ ಅಭ್ಯಾಸವಾಗಲಿ ಎಂದುಕೊಂಡಳು.

ವಿಶಾಲಾಕ್ಷಿಯ ಫೋನು ಬುಧವಾರವೂ ಬರಲಿಲ್ಲ, ಗುರುವಾರವೂ ಬರಲಿಲ್ಲ. ಶಂಕರಲಿಂಗ ಎರಡು ದಿನವೂ ಊಟವಾದ ಮೇಲೆ ತನ್ನ ಮೊಬೈಲನ್ನು ಟೇಬಲ್ಲಿನ ನಡುವೆ ಇಟ್ಟುಕೊಂಡು ಕೂತ, ತಾನಾಗಿ ಫೋನ್ ಮಾಡಲಿಲ್ಲ. ಶುಕ್ರವಾರ ಸಂಜೆ ಅದು ಜಲಜಾಳ ಮೊಬೈಲಿಗೆ ಬಂತು.

"ಅತ್ತಿ ಬರೂದಿಲ್ಲಂತ," ಎಂದಳು ವಿಶಾಲಾಕ್ಷಿ. ನಮಸ್ಕಾರವಿಲ್ಲ, ಹೇಗಿದ್ದೀರಿ ಇಲ್ಲ. "ಮೆಟ್ರೋದಾಗ ನಿಂದರಾಕ ಮೊಣಕಾಲು ಬ್ಯಾನಿ ಅಂತ ನೆವ ಹೇಳ್ಯಾಳ. ಸೀರಿ ಸುದ್ದಿ ನಾನ ಹೇಳೇನಿ, ಮುಚ್ಚಿಡಲಿಲ್ಲ. ಆಕಿ ಟಿಕೆಟ್ ರದ್ದು ಮಾಡಿಸೇನಿ, ಇನ್ನೂರಾ ನಲವತ್ತು ಕಡದುಕೊಂಡ್ರು."

"ನೀವು?"

"ನಾವು ನಾಕ ಮಂದಿ ಬರ್ತೀವಿ. ಜ್ವಾಳದ ಹಿಟ್ಟು, ಶೇಂಗಾ ಚಟ್ನಿ ತರ್ತೀನಿ. ಅದನ್ನರ ನಿನ್ನ ಖರ್ಚಿನ್ಯಾಗ ಹೊಡದು ಹಾಕು. ನನಗ ಕೆಟ್ಟ ಅನಿಸೇತಿ ಜಲಜಾ. ಅನಿಸಿಲ್ಲ ಅಂತ ಹೇಳೂದಿಲ್ಲ."

"ಹೌದ್ರಿ ಅಕ್ಕಾರ."

"ಬಂದಮ್ಯಾಗ ಮಾತಾಡೂಣು. ಭಾಂಡೆ ನನ್ನ ಗಂಡ ತಿಕ್ಕತಾನ. ಇಲ್ಲಿ ಒಂದು ಲೋಟಾ ಎತ್ತಿಡೂದಿಲ್ಲ, ಅಲ್ಲಿ ಯಾರೂ ಗುರುತಿನವರಿಲ್ಲಲ್ಲ, ತಿಕ್ಕಲಿ."

ಫೋನು ನಿಂತಿತು. ಎದುರಿಗೆ ಕೂತಿದ್ದ ಶಂಕರಲಿಂಗ ಟೀವಿಯ ಸದ್ದು ಕಡಿಮೆ ಮಾಡಿ ಬಹಳ ಹೊತ್ತಾಗಿತ್ತು.

"ಸಿಟ್ಟಾಗ್ಯಾಳೇನು?"

"ಆಗ್ಯಾರ," ಎಂದಳು ಜಲಜಾ. "ಬರ್ತಾರ."